ಮಲಗಿದಲ್ಲೇ ತೆರೆಯುವ ಪರದೆ

ಗುರುವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ಮುದ್ದಿನ ಬಾಯಿಬಡುಕಿ ತಂಗಿಗೆ ಅಕ್ಕನ ಆಶೀರ್ವಾದಗಳು.

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನನ್ನ ಮಲಗುವ ಕೋಣೆಯ ಕಿಟಕಿ ಪರದೆಗೆ ಹೊಸ ದಾರ ಬಂದಿದೆ.

ನಗಬೇಡ. ನಲವತ್ತು ವರ್ಷ ಊರವರ ಸೊಂಟ ಅಳೆದ ದರ್ಜಿ ನಾನು. ಎಪ್ಪತ್ತೆರಡಕ್ಕೆ ಮನೆಯ ಅಳತೆಯನ್ನೇ ತೆಗೆದೆ. ಬೆರಳು ಸರಿಯಾಗಿ ಮಡಚುವುದಿಲ್ಲವೆಂದು ಡ್ರಾಯರುಗಳಿಗೆಲ್ಲ ಬಟ್ಟೆಯ ಕುಣಿಕೆ ಹೊಲಿದೆ. ಮುಂಗೈ ತೂರಿಸಿ ಎಳೆದರೆ ಸಾಕು. ಅಂಗಿಯ ಗುಂಡಿ ಕಿತ್ತು ಅಂಟುಪಟ್ಟಿ ಹಾಕಿದೆ. ಈ ಪೆನ್ನಿಗೂ ಬಟ್ಟೆ ಸುತ್ತಿದ್ದೇನೆ, ಈಗ ಅದು ನಿನ್ನಷ್ಟೇ ದುಂಡಗಿದೆ. ಆದರೆ ಹಾಸಿಗೆಯಲ್ಲಿ ಮಲಗಿಯೇ ಪರದೆ ಎಳೆಯುವ ಈ ದಾರವಿದೆಯಲ್ಲ, ಅದು ನನ್ನ ಜೀವಮಾನದ ಸಾಧನೆ.

ಪರದೆಗೇಕೆ ಇಷ್ಟು ಮರ್ಯಾದೆ ಅಂತೀಯಾ? ಎದುರಿನ ಅಂಗಡಿಯ ಮೇಲೆಯೇ ವಾಸವಾಗಿರುವ ಗಡಿಯಾರ ರಿಪೇರಿಯವರಿಗೂ ನನಗೂ ಒಪ್ಪಂದ. ಏಳಕ್ಕೆ ಪರದೆ ತೆರೆದರೆ ಮುದುಕಿ ಗಟ್ಟಿಯಿದ್ದಾಳೆಂದು ಅರ್ಥ. ಎಂಟಾದರೂ ತೆರೆಯದಿದ್ದರೆ ಅವರು ತಮ್ಮಲ್ಲಿರುವ ಬೀಗದ ಕೈ ಹಿಡಿದು ಮೆಟ್ಟಿಲು ಹತ್ತಬೇಕು. ಇಷ್ಟಿದ್ದರೆ ಮಾತ್ರ ಒಬ್ಬಳೇ ಇರು ಅಂತ ನನ್ನ ಮಗಳು ಹಾಕಿದ ಷರತ್ತು.

ಮೊನ್ನೆ ಸೋಮವಾರ ಮಲಗಿದಲ್ಲೇ ರಾಣಿಯ ಹಾಗೆ ದಾರ ಎಳೆದೆ. ಪರದೆ ಸರ್ರನೆ ಸರಿಯಿತು. ನಾನು ಗಟ್ಟಿಯಿದ್ದೇನೆಂದು ಬೀದಿಗೆಲ್ಲ ಸಾರಿ ಆಯಿತು. ಆಮೇಲೆ ಎದ್ದೆ. ಎರಡು ಹೆಜ್ಜೆ ನಾನಿಟ್ಟೆ, ಮೂರನೆಯದಕ್ಕೆ ನೆಲವೇ ಎದ್ದು ಬಂತು.

ಗಾಬರಿಯಾಗಬೇಡ. ಮೂಳೆ ಮುರಿದಿಲ್ಲ. ಹತ್ತು ನಿಮಿಷ ನೆಲದ ಮೇಲಿದ್ದೆ, ಅಷ್ಟೇ. ಮಂಚದ ಕೆಳಗೆ ಕಳೆದುಹೋಗಿದ್ದ ಅಳತೆ ಟೇಪು ಸಿಕ್ಕಿತು, ಲಾಭವೇ ಆಯಿತು. ಫೋನು ಮೇಜಿನ ಮೇಲಿತ್ತು. ಕೆಲಸವಿಲ್ಲದ ದರ್ಜಿ ಏನು ಮಾಡುತ್ತಾಳೆ? ಅಳೆದೆ. ಫೋನಿಗೆ ನಲವತ್ತೊಂದು ಇಂಚು. ನನ್ನ ಕೈ ಇಪ್ಪತ್ತೆರಡು.

ಗಡಿಯಾರದವರು ಆಮೇಲೆ ಹೇಳಿದ್ದು ಕೇಳು: ಅಬ್ಬಾ, ಇವತ್ತು ಶಾಲೆಗೆ ಹೊರಟ ಟೀಚರಮ್ಮನ ಹಾಗೆ ಏಳಕ್ಕೆ ಮೊದಲೇ ಎದ್ದಿದ್ದಾರಲ್ಲ ಅಂದುಕೊಂಡು, ಕಿಟಕಿಯ ಕಡೆ ಕೈ ಬೀಸಿ ಕೆಲಸಕ್ಕೆ ಕೂತೆ ಅಂತ. ಪಾಪ, ಹೇಳುವಾಗ ಭೂತಗನ್ನಡಿ ಇಲ್ಲದೆಯೇ ಅವರ ಕಣ್ಣು ಅಷ್ಟು ದೊಡ್ಡದಾಗಿತ್ತು. ನಿಮ್ಮ ತಪ್ಪಲ್ಲಪ್ಪಾ, ನನ್ನ ಜಾಣತನದ್ದು ಅಂದೆ.

ನಿನ್ನೆ ಮಗಳು ಫೋನ್ ಮಾಡಿ, ಅಮ್ಮಾ, ಭಾನುವಾರ ಬರ್ತೀನಿ, ಸುಮ್ನೆ ನೋಡ್ಕೊಂಡು ಹೋಗೋಕೆ ಅಂದಳು. ಅವಳು ಸುಮ್ಮನೆ ನೋಡಿದ ಯಾವ ವಸ್ತುವೂ ಇದ್ದಲ್ಲೇ ಉಳಿದಿದ್ದನ್ನು ನಾನು ಕಂಡಿಲ್ಲ. ನನಗೆಂದು ತನ್ನ ಮನೆಯ ಬೀರುವಿನಲ್ಲಿ ಎರಡು ಅರೆ ಖಾಲಿ ಮಾಡಿಟ್ಟಿದ್ದಾಳಂತೆ. ಅವಳು ಕೆಟ್ಟದಾಗಿ ನೋಡಿಕೊಳ್ಳುತ್ತಾಳೆ ಅಂತಲ್ಲ. ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಅದೇ ಭಯ. ಅಲ್ಲಿ ನಾನು ಕೆಮ್ಮಿದರೆ ಮೂವರು ಏಳುತ್ತಾರೆ. ಇಲ್ಲಿ ಚಹಾ ಆರಿಹೋದರೂ ಅದು ನನ್ನ ಇಷ್ಟ.

ಬಿದ್ದದ್ದು ಹೇಳಿದರೆ ಮನೆ ಹೋಯಿತು. ಹೇಳದಿದ್ದರೆ ಮತ್ತೊಮ್ಮೆ ಬಿದ್ದಾಗ ನಾನೇ ಹೋದೆ. ಏನು ಮಾಡಲಿ ಅಂತ ನನಗೆ ತೋಚುತ್ತಿಲ್ಲ, ಪುಟ್ಟಿ. ಪರದೆ ಮೊದಲಿನ ಹಾಗಾಗಬೇಕು. ಎದ್ದು ನಡೆದು ಹೋಗಿ ಕೈಯಾರೆ ತೆರೆಯುವ ಹಾಗೆ. ಅದೊಂದು ಆದರೆ ಅವಳೆದುರು ಬಾಯಿ ಬಿಡುವ ಧೈರ್ಯ ಬಂದೀತು. ದಾರವನ್ನು ಮುಟ್ಟದೆ ಬಿಟ್ಟರಾಯಿತು ಅನ್ನಬೇಡ. ಇವತ್ತೂ ಎಳೆದೆ.

ಫೋನಿನಲ್ಲಿ ಹೇಳಿದರೆ ಅಳುತ್ತೀಯ ಅಂತ ಬರೆದು, ಗಡಿಯಾರದವರ ಕೈಲಿ ಕಳಿಸುತ್ತಿದ್ದೇನೆ.

ಇತಿ,
ನೆಲ ಅಳೆದ ನಿನ್ನ ಅಕ್ಕ

ತಾ.ಕ.: ಮೇಲೆ ಹತ್ತು ನಿಮಿಷ ಅಂತ ಬರೆದದ್ದನ್ನು ತಿದ್ದಿಕೋ. ಅವತ್ತು ಸಂಜೆ ಬೀದಿ ದೀಪ ಹತ್ತಿದರೂ ಪರದೆ ಮುಚ್ಚಲಿಲ್ಲವಲ್ಲ ಅಂತ ಗಡಿಯಾರದವರು ಮೆಟ್ಟಿಲು ಹತ್ತಿದರು. ಶನಿವಾರ ಬಂದು ಆ ದಾರ ಕತ್ತರಿಸಿಕೊಡು. ಕತ್ತರಿ ಇಲ್ಲೇ ಇದೆ. ಬಿದ್ದಾಗಿನಿಂದ ಹಿಡಿಯಲು ನೋಡುತ್ತಿದ್ದೇನೆ, ಬೆರಳು ಕೂಡುತ್ತಿಲ್ಲ. ನೀನು ಕೈ ತಂದರೆ ಸಾಕು.