ಬಾರದ ಸಮಾಧಾನ

ಬಾಗ್ದಾದ್, ನವೆಂಬರ್ 1969

ಪ್ರೀತಿಯ ಸಲ್ಹಾ ಅಕ್ಕನಿಗೆ,

ನಮ್ಮವರನ್ನು ಯೆಹೂದಿ ಬೇಹುಗಾರರೆಂದು ಜೈಲಿಗೆ ಒಯ್ದು ಎರಡು ತಿಂಗಳಾಯಿತು. ಹೋದ ಗುರುವಾರ ಅಲ್ಲಿನವರು ಅವರ ಅಂಗಿ, ಕನ್ನಡಕ ಹಿಂದಿರುಗಿಸಿದರು. ಕಾರಣ ಹೇಳಲಿಲ್ಲ. ಅವರು ಸತ್ತರೆಂದೇ ಎಣಿಸಿ ನೆರೆಯ ಹೆಂಗಸರು ಸಂತಾಪ ಹೇಳಲು ಬಂದರು. ಅವರು ಎಷ್ಟು ಸಂತೈಸಿದರೂ ನನ್ನ ಅಳು ನಿಲ್ಲಲಿಲ್ಲ.

ಮಾವ ಅವರನ್ನೆಲ್ಲ ಎಬ್ಬಿಸಿ ಕಳಿಸಿದರು. "ಶಾಸ್ತ್ರದಲ್ಲಿ ನೋಡು, ಯೋಸೇಫ ಸತ್ತ ಅಂತ ಎಲ್ಲರೂ ಹೇಳಿದ್ರೂ ಅವನಪ್ಪ ಯಾಕೋಬನಿಗೆ ಸಮಾಧಾನ ಆಗ್ಲಿಲ್ಲ. ಯಾಕೆ ಗೊತ್ತಾ? ಮಗ ಬದುಕಿದ್ದ! ಸತ್ತೋರಿಗಾಗಿ ಪಡೋ ದುಃಖ ತಗ್ಗುತ್ತೆ, ಬದುಕಿರೋರಿಗಾಗಿ ಪಡೋದು ತಗ್ಗಲ್ಲ ಅಂತ ನಮ್ಮ ಗುರುಗಳು ಹೇಳ್ಕೊಟ್ಟಿದಾರೆ. ನಿನಗೂ ಸಮಾಧಾನ ಆಗ್ತಿಲ್ಲ ತಾನೇ? ಏಳಮ್ಮ, ಅಡುಗೆ ಮಾಡು" ಎಂದರು.

ಭಾನುವಾರ ಅನ್ನ, ಬೆಂಡೆಕಾಯಿ ಸಾರು ಒಯ್ದೆ. ಜೈಲಿನ ಕಾವಲಿನವನು ಡಬ್ಬಿ ತೆಗೆದುಕೊಂಡ. ಸಂಜೆ ಅದು ಖಾಲಿಯಾಗಿ, ತೊಳೆಸಿಕೊಂಡು ಹಿಂದಿರುಗಿತು.

"ನೋಡಮ್ಮ, ನನ್ನ ಮಗ ಮೆನಾಷೆ ಉಂಡಿದಾನೆ!" ಎಂದು ಮಾವ ಎಷ್ಟೋ ದಿನಗಳ ಮೇಲೆ ನಕ್ಕರು.

ಅಕ್ಕ, ನಮ್ಮವರು ಮದುವೆಯಾದಾಗಿನಿಂದ ಒಂದು ಲೋಟವನ್ನೂ ತೊಳೆದವರಲ್ಲ. ಇದನ್ನು ಮಾವನಿಗೆ ನಾನು ಹೇಳಿಲ್ಲ, ನೀನೂ ಹೇಳಬೇಡ. ನಾಳೆಯೂ ಊಟ ಒಯ್ಯುತ್ತೇನೆ. ಚಳಿ ಶುರುವಾಗಿದೆ. ಅವರ ಅಳತೆಗೆ ಒಂದು ಉಣ್ಣೆ ಸ್ವೆಟರ್ ಹೆಣೆದು ಬೇಗ ಕಳಿಸು.

ನಿನ್ನ ತಂಗಿ,
ಖತೂನ್