ನನ್ನ ಎಡಗೆನ್ನೆಗೆ ತಲುಪದ ಆದೇಶ

ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಮುಖ ವಾಸಿಯಾಗಿದೆ ಎಂದು ತಾವು ಆದೇಶ ಹೊರಡಿಸಿದ್ದೀರಿ. ನನ್ನ ಮುಖಕ್ಕೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ. ಬರುವ ಈದ್ ಹಬ್ಬಕ್ಕೆ ನಾನು ಮಿಜ್ಮಾರ್ ಊದದಿದ್ದರೆ ಸರ್ಕಾರಿ ಜಾನಪದ ತಂಡದಿಂದ ನನ್ನನ್ನು ಕಿತ್ತುಹಾಕಿಸುತ್ತೀರಂತೆ. ಅಪ್ಪನಿಂದ ಕಲಿತು, ತಲೆ ನರೆಯುವ ತನಕ ಊದಿದ ವಾದ್ಯ ಅದು. ತಮ್ಮ ಘನಕಾರ್ಯವನ್ನು ಊರವರೂ ಓದಿ ಧನ್ಯರಾಗಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಪೆಟ್ಟು ಬಿದ್ದದ್ದು ಮದುವೆಯಲ್ಲಿ. ನಮ್ಮಲ್ಲಿ ಮದುವೆಗೆ ವಾದ್ಯದ ಜೊತೆ ಆಡುವ ಕೋಲುಕಾಳಗದಲ್ಲಿ ಎದುರಾಳಿಯ ಮೈಗೆ ತಾಗುವ ಮುನ್ನ ಕೋಲು ನಿಲ್ಲಿಸುವುದೇ ಮರ್ಯಾದೆ. ಮದುಮಗನ ಸೋದರಮಾವ ಹಮ್ದಾನ್ ಫೋಟೊ ತೆಗೆಯುವವನ ಕಡೆ ತಿರುಗಿ, ಮೀಸೆ ತೀಡುತ್ತಲೇ ಕೋಲು ಬೀಸಿದ. ಪಕ್ಕದಲ್ಲಿ ನಿಂತು ಊದುತ್ತಿದ್ದ ನನ್ನ ಎಡಗೆನ್ನೆಯ ಮೂಳೆ ಒಳಕ್ಕೆ ಕುಸಿಯಿತು. ಡಾಕ್ಟರ್ ಇರೀನಿ ಅದನ್ನು ಎತ್ತಿ, ಪುಟ್ಟ ಲೋಹದ ಪಟ್ಟಿ ಕೂರಿಸಿದರು. ಆಮೇಲೆ ಬಿಡಿಸಿ ಹೇಳಿದರು:

"ಶಾಜ್ಲಿ ಮಾವ, ಮೂಳೆ ಬೇಗ ಕೂಡ್ಕೊಳ್ಳುತ್ತೆ. ಆದ್ರೆ ಕಣ್ಣಿನ ಕೆಳಗಿಂದ ತುಟಿಗೆ ಬರೋ ನರ ಜಜ್ಜಿದೆ. ತುಂಡಾಗಿಲ್ಲ, ಅದೇ ಪುಣ್ಯ. ತಿಂಗಳುಗಟ್ಟಲೆ ಕಾಯ್ಬೇಕು. ಇರುವೆ ಹರಿದ ಹಾಗಾದ್ರೆ ಹೆದರ್ಬೇಡಿ, ನರ ಏಳ್ತಿದೆ ಅಂತ ಅರ್ಥ. ನಾನು ಹೇಳೋವರೆಗೂ ಕೆನ್ನೆ ಉಬ್ಬಿಸ್ಬೇಡಿ, ಮೂಗು ಸೀಟ್ಬೇಡಿ."

ಹೊಲಿಗೆ ಇನ್ನೂ ಹಸಿಯಿರುವಾಗಲೇ ತಾವು ನನ್ನನ್ನು ಕರೆಸಿಕೊಂಡಿರಿ. ಡಾಕ್ಟರ್ ಕೊಟ್ಟ ಚೀಟಿಯ ಮೇಲೆ ಚಹಾ ಲೋಟ ಇಟ್ಟಿರಿ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಿರಿ.

"ಮೂಳೆ ಭೇಷಾಗಿ ಕೂತಿದೆಯಲ್ಲಯ್ಯಾ, ಇನ್ನೇನು ನಿನ್ನ ಗೋಳು?"

"ತುಟಿಗೆ ಏನೂ ತಿಳೀತಿಲ್ಲ ಸ್ವಾಮಿ. ವಾದ್ಯ ಬಾಯಲ್ಲಿದೆಯೋ ಇಲ್ವೋ ಅಂತಾನೂ ಗೊತ್ತಾಗಲ್ಲ."

"ಮದುವೆ ಮನೇಲಿ ಮಾಂಸ ತಿನ್ನೋವಾಗ ಗೊತ್ತಾಗುತ್ತಲ್ಲ! ಎಲ್ಲಿ, ಊದು ನೋಡೋಣ."

ಊದಬಾರದು ಎಂದಿದ್ದಾರೆ ಎಂದೆ. ತಾವು ಗಡಿಯಾರ ನೋಡಿಕೊಂಡಿರಿ. ಹೊಟ್ಟೆಪಾಡಿನ ಮನುಷ್ಯ, ಊದಿದೆ. ತುಟಿಯ ಸಂದಿಯಿಂದ ಗಾಳಿ ಸೋರಿ, ಕತ್ತೆ ಕೆಮ್ಮಿದಂಥ ಸದ್ದು ಬಂತು. ಮಿಕ್ಕ ಗಾಳಿ ಮೂಳೆಯ ಬಿರುಕಿನಿಂದ ಚರ್ಮದಡಿಗೆ ನುಗ್ಗಿತು. ನನ್ನ ಮುಖ ಪೂರಿಯಂತೆ ಉಬ್ಬಿ ಕಣ್ಣು ಮುಚ್ಚಿಹೋಯಿತು. ತಾವೋ ಚಪ್ಪಾಳೆ ತಟ್ಟಿ, "ಸದ್ದು ಬಂತಲ್ಲ, ಸಾಕು!" ಎಂದು ಗುಣಮುಖ ಎಂಬ ಮುದ್ರೆ ಒತ್ತಿದಿರಿ. ಮುಂದೆ ಕಾಲು ಮುರಿದವನನ್ನು ಮಂಡಳಿಯ ಮಹಡಿಯಿಂದ ಹಾರಿಸಿ ಪರೀಕ್ಷಿಸುತ್ತೀರಾ? ಕಲಿತ ವೈದ್ಯವನ್ನೆಲ್ಲ ಕುರ್ಚಿಯ ಕೆಳಗೆ ಹಾಕಿಕೊಂಡು ಕೂತವರನ್ನು ಕಂಡರೆ ನನಗೆ ಸಿಟ್ಟೂ ಬರುವುದಿಲ್ಲ, ಅಸಹ್ಯವಾಗುತ್ತದೆ.

ಮನೆಯಲ್ಲಿ ನನ್ನ ಸ್ಥಿತಿ ಕೇಳಿ. ಕುದಿಯುವ ಚಹಾ ಹೀರುತ್ತಿದ್ದೆ. ಹೆಂಡತಿ ನಗಾತ್ ಲೋಟ ಕಿತ್ತುಕೊಂಡಳು: "ರೀ, ತುಟಿ ಬೊಬ್ಬೆ ಎದ್ದಿದೆ, ಇನ್ನೂ ಹೀರ್ತಾನೇ ಇದ್ದೀರಲ್ಲ!" ಅವಳು ಅತ್ತಳು. ನಾನು ಕನ್ನಡಿಯಲ್ಲಿ ನೋಡಿದ ಮೇಲಷ್ಟೇ ನಂಬಿದೆ.

ಮೊನ್ನೆ ಶುಕ್ರವಾರ ಮಸೀದಿಯ ಮುಂದೆ ಹಮ್ದಾನ್ ತಲೆ ತಗ್ಗಿಸಿ ಬಂದ. ನಮ್ಮಲ್ಲಿ ರಾಜಿಯಾಗಲು ಕೈ ಕುಲುಕಿದರೆ ಸಾಲದು, ಎರಡೂ ಕೆನ್ನೆಗೆ ಕೆನ್ನೆ ತಾಗಿಸಬೇಕು. ಅವನ ಬೋಳಿಸದ ಗಡ್ಡ ನನ್ನ ಎಡಗೆನ್ನೆಗೆ ಚುಚ್ಚಿತು. ಹೌದು, ಚುಚ್ಚಿತು. ಮೂಗಿನ ಪಕ್ಕದಿಂದ ತುಟಿಯವರೆಗೂ ಇರುವೆ ಸಾಲು ಹರಿಯಿತು. ನಾನು ಅವನನ್ನು ಬಿಡದೆ ತಬ್ಬಿಕೊಂಡು ಅತ್ತುಬಿಟ್ಟೆ.

"ಇನ್ನೂ ನೋಯುತ್ತಾ ಅಣ್ಣಾ?" ಎಂದು ಗಾಬರಿಯಾದ.

"ನೋಯುತ್ತೆ ಕಣೋ, ದೇವರ ದಯೆ! ಇನ್ನೊಂದ್ಸಲ ತಾಗಿಸು!"

ನರ ಹೊರಟಿದೆ, ಅಧ್ಯಕ್ಷರೇ. ತಮ್ಮ ಕಡತದಷ್ಟು ನಿಧಾನವಾಗಿ ಅಲ್ಲವಾದರೂ, ಅದಕ್ಕೂ ಸಮಯ ಬೇಕು. ನನ್ನ ಬೇಡಿಕೆ ಇಷ್ಟೇ. ಆ ಮುದ್ರೆಯನ್ನು ಹಿಂತೆಗೆದುಕೊಳ್ಳಿ. ನನ್ನ ಕಣ್ಣು ಕಟ್ಟಿ, ಡಾಕ್ಟರ್ ಇರೀನಿ ಹತ್ತಿಯ ಎಳೆಯಿಂದ ತುಟಿ ಮುಟ್ಟಲಿ. ಎಲ್ಲಿ ಮುಟ್ಟಿದರೆಂದು ನಾನು ತಪ್ಪದೆ ಹೇಳುವ ದಿನದವರೆಗೆ ತಂಡದಲ್ಲಿ ನನ್ನ ಜಾಗ ಖಾಲಿ ಇರಲಿ. ಆ ದಿನ ಬಂದರೆ ಮೊದಲ ರಾಗ ಹಮ್ದಾನನ ಅಂಗಳದಲ್ಲಿ. ತಮಗೆ ಆಹ್ವಾನವಿಲ್ಲ.

ಇಂತಿ,
ತಮ್ಮ ಮುದ್ರೆಯಿಂದ ಗುಣವಾಗದೆ, ನನಗೆ ಹೊಡೆದವನ ಗಡ್ಡದಿಂದ ಗುಣವಾಗುತ್ತಿರುವ
ಶಾಜ್ಲಿ ಬಖೀತ್, ಮಿಜ್ಮಾರ್ ವಾದಕ, ಕೆನಾ