ಹತ್ತು ಮಂದಿಯ ಕಾಲು

ವೇಣೂರು
೧೨-೧-೨೦೦೧

ನಮ್ಮವರಿಗೆ ವಾರಿಜಳ ನಮಸ್ಕಾರಗಳು.

ಈ ಸಂಗತಿಯನ್ನು ಮೊದಲು ಹೇಳಿದವನು ರಜೆಯಲ್ಲಿ ಬಂದ ನಿಮ್ಮ ತುಕಡಿಯ ಸಿಪಾಯಿ, ಚಾರ್ಮಾಡಿಯ ಕುಶಾಲಪ್ಪ. ಕಳೆದ ಆದಿತ್ಯವಾರ, ನಮ್ಮ ಜಗಲಿಯಲ್ಲಿ.

“ಹವಾಲ್ದಾರರು ದಿನಾ ಸಂಜೆ ನಮ್ಮ ಹತ್ತು ಮಂದಿಯ ಬೂಟು ಬಿಚ್ಚಿಸಿ ಕಾಲು ನೋಡ್ತಾರೆ ಅಕ್ಕ. ಹಿಮಕ್ಕೆ ಬೆರಳು ಮರಗಟ್ಟಿದರೆ ತಮ್ಮ ಕೈಯಲ್ಲೇ ಹಿಡಿದು ಬೆಚ್ಚಗೆ ಮಾಡ್ತಾರೆ.”

ಅತ್ತೆಗೆ ಹೆಮ್ಮೆಯೋ ಹೆಮ್ಮೆ. “ನಿನ್ನ ಪುಣ್ಯ ಮಾರಾಯ,” ಎಂದೆ ನಾನು. ಮದುವೆಯಾಗಿ ಒಂಬತ್ತು ವರ್ಷವಾಯಿತು. ಗದ್ದೆ ಕೆಸರಿಗೆ ಒಡೆದ ನನ್ನ ಹಿಮ್ಮಡಿ ನಿಮ್ಮ ಕಣ್ಣಿಗೆ ಒಮ್ಮೆಯೂ ಬಿದ್ದದ್ದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಎಣ್ಣೆ ಬಿಸಿ ಮಾಡಿ ತಂದರು. “ಕಾಲು ನೀಡು ಮಗಳೇ, ನಾನು ಹಚ್ತೇನೆ.”

“ಬೇಡ ಅತ್ತೆ, ಅವರೇ ಬರಲಿ,” ಎಂದು ಕಾಲು ಹಿಂದಕ್ಕೆ ಎಳೆದುಕೊಂಡೆ.

ರಜೆಗೆ ಬೇಗ ಅರ್ಜಿ ಹಾಕಿ.

ಇತಿ, ನಿಮ್ಮ ಹನ್ನೊಂದನೆಯವಳು,
ವಾರಿಜ